ಹನ್ನೆರಡನೆಯ ಹೊಟ್ಟೆ

ಸುರಪುರದ ರಂಗಂಪೇಟೆಯಲ್ಲಿ ರೇಣಮ್ಮನ ಮನೆ ಯಾವುದೆಂದು ಕೇಳಿದರೆ, "ಹೊಟ್ಟಿ ಫೋಟೊ ತೆಗಸ್ತಾಳಲ್ಲ, ಆಕಿದೇನು?" ಎಂದು ಮಂದಿ ತಿರುಗಿ ಕೇಳುತ್ತಾರೆ. ಹೌದೆಂದರೆ ಎಮ್ಮೆ ಕಟ್ಟಿದ ಅಂಗಳ ತೋರಿಸುತ್ತಾರೆ. ಆಕೆ ಶಹಾಪುರದ ಡಿಗ್ರಿ ಕಾಲೇಜೊಂದರಲ್ಲಿ ಗೃಹವಿಜ್ಞಾನ ಕಲಿಸುತ್ತಾಳೆ ಎಂಬುದು ಓಣಿಯಲ್ಲಿ ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ. ಅತಿಥಿ ಉಪನ್ಯಾಸಕಿ. ವರ್ಷವರ್ಷವೂ ಹೊಸದಾಗಿ ಅರ್ಜಿ ಹಾಕಿ ಅದೇ ಕುರ್ಚಿಗೆ ಬಂದು ಕೂರುವ ಅತಿಥಿ. ಗಂಡ ಕಾಂತೇಶ ರಾಯಚೂರಿನ ಅಕ್ಕಿ ಗಿರಣಿಯಲ್ಲಿ ಮುನೀಮ, ಹಬ್ಬಕ್ಕೆ ಬರುತ್ತಾನೆ. ಮನೆಯಲ್ಲಿ ಉಳಿದವರು ರೇಣಮ್ಮ, ಅತ್ತೆ ಬಾಲಮ್ಮ ಮತ್ತು ಎಮ್ಮೆ.

ಪಿಎಚ್.ಡಿ. ಆದರೆ ಕಾಯಂ ನೌಕರಿಗೆ ಅರ್ಜಿ ಹಾಕಬಹುದು ಎಂಬ ಆಸೆಯಿಂದ ರೇಣಮ್ಮ ಓದಲು ಶುರುಮಾಡಿದ್ದು ನಿಜ. ಆದರೆ ಓದುವ ವಿಷಯ ಬಂದದ್ದು ಹತ್ತಿಕುಣಿಯಿಂದ, ಅವಳ ತವರಿನಿಂದ. ಅವಳ ಅಪ್ಪನಿಗೆ ಕೊನೆಯ ದಿನಗಳಲ್ಲಿ ಹಲ್ಲಿರಲಿಲ್ಲ. ಪ್ರೋಟೀನ್ ಇರುವುದನ್ನು ಮೆತ್ತಗೆ ಮಾಡಿ ಕೊಡಿ ಎಂದು ಡಾಕ್ಟರು ಹೇಳಿದ್ದರು. ಮೆತ್ತಗೆ ಮಾಡಿ ಕೊಟ್ಟರೆ ಅಪ್ಪ ತುಸು ಹೊತ್ತಿಗೇ ಹಸಿವೆಂದು ಗೋಡೆ ಬಡಿಯುತ್ತಿದ್ದ. ಗಟ್ಟಿ ಕೊಟ್ಟರೆ ಹೊಟ್ಟೆ ಹಿಡಿದುಕೊಂಡು ರಾತ್ರಿಯೆಲ್ಲ ಹೊರಳುತ್ತಿದ್ದ. ಮೆತ್ತಗಿನದಕ್ಕೂ ಗಟ್ಟಿಗೂ ನಡುವೆ ಎಲ್ಲೋ ಒಂದು ಹದ ಇದ್ದೀತು ಎಂದು ಅವಳಿಗೆ ಆಗ ಅನ್ನಿಸಿತು. ಅಪ್ಪ ಅದು ಗೊತ್ತಾಗುವ ಮೊದಲೇ ಹೋದ.

ಅವಳ ಕೆಲಸ ಹೇಳುವುದಕ್ಕೆ ಸರಳ. ಹಾಲೊಡಕಿನ ಪ್ರೋಟೀನ್ ಪುಡಿಯನ್ನು ನೀರಿನಲ್ಲಿ ಕಲಸಿ, ಹಬೆಯಲ್ಲಿಟ್ಟು ಹೆಪ್ಪುಗಟ್ಟಿಸುವುದು. ಹೀಗೆ ಹೆಪ್ಪುಗಟ್ಟಿದ್ದಕ್ಕೆ ಜೆಲ್ ಎನ್ನುತ್ತಾರೆ. ಉಪ್ಪಿನ ಅಳತೆ ಬದಲಿಸಿದರೆ ಒಂದು ಮೊಸರಿನಷ್ಟು ಮೆತ್ತಗಾಗುತ್ತದೆ, ಇನ್ನೊಂದು ಪನೀರಿನಷ್ಟು ಗಟ್ಟಿಯಾಗುತ್ತದೆ. ಖಾಲಿ ಹೊಟ್ಟೆಯಲ್ಲಿ ಬಂದವರಿಗೆ ಅದನ್ನು ತಿನ್ನಿಸಿ, ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಸ್ವಲ್ಪ ಸ್ವಲ್ಪ ಹೊತ್ತಿಗೆ ಹೊಟ್ಟೆಯ ಚಿತ್ರ ತೆಗೆಯುವುದು. ಯಾವುದು ಎಷ್ಟು ಬೇಗ ಕರಗುತ್ತದೆ, ಯಾವುದು ತುಂಡುತುಂಡಾಗಿ ಉಳಿಯುತ್ತದೆ ಎಂದು ನೋಡುವುದು. ಒಬ್ಬೊಬ್ಬರೂ ಎರಡು ಸಲ ಬರಬೇಕು. ಒಮ್ಮೆ ಮೆತ್ತಗಿನದಕ್ಕೆ, ಒಮ್ಮೆ ಗಟ್ಟಿಗೆ.

ಮಾಡುವುದಕ್ಕೆ ಮಾತ್ರ ಅವಳ ಮೂವತ್ತರ ಹರೆಯವೆಲ್ಲ ಹೋಯಿತು. ಯಾದಗಿರಿಯ ಒಂದು ಸ್ಕ್ಯಾನ್ ಸೆಂಟರಿನವರು ಭಾನುವಾರ ಮುಂಜಾನೆ, ರೋಗಿಗಳು ಬರುವ ಮುನ್ನ, ಯಂತ್ರ ಬಳಸಲು ಒಪ್ಪಿದ್ದರು. ಅಂದರೆ ವಾರಕ್ಕೆ ಒಂದೇ ಹೊಟ್ಟೆ. ಅದೂ ಯಂತ್ರ ಸುಸ್ಥಿತಿಯಲ್ಲಿದ್ದರೆ, ಮಂದಿ ಬಂದರೆ, ಅಪಘಾತದ ಕೇಸು ನಡುವೆ ನುಗ್ಗದಿದ್ದರೆ. ಒಪ್ಪಿಕೊಂಡವರು ನೆಗಡಿಯೆಂದು ಬರುತ್ತಿರಲಿಲ್ಲ. ಬಂದವರಲ್ಲಿ ಒಬ್ಬ ಯಂತ್ರದ ಸದ್ದಿಗೆ ಹೆದರಿ ಎದ್ದು ಓಡಿದ್ದ. ಹನ್ನೆರಡು ಮಂದಿಯನ್ನು ನೋಡುತ್ತೇನೆಂದು ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟಿದ್ದಳು. ಹನ್ನೊಂದು ಮಂದಿಯದು ಮುಗಿದಿತ್ತು. ಹನ್ನೆರಡನೆಯವಳು ಪಕ್ಕದ ಮನೆಯ ಗೌಹರಬೇಗಂ. ಮೆತ್ತಗಿನ ಜೆಲ್‌ದು ಆಗಿತ್ತು, ಗಟ್ಟಿಯದು ಬಾಕಿ. ಅಷ್ಟರಲ್ಲಿ ಸ್ಕ್ಯಾನ್ ಸೆಂಟರಿನ ಹಳೆಯ ಯಂತ್ರ ಬಿಚ್ಚಿ ಒಯ್ಯುತ್ತಾರೆಂಬ ಸುದ್ದಿ ಬಂತು. ಹೊಸದು ಬರುವುದರೊಳಗೆ ಅವಳ ನೋಂದಣಿಯ ಅವಧಿ ಮುಗಿಯುತ್ತಿತ್ತು. ಎರಡು ಸಲ ವಿಸ್ತರಿಸಿದ್ದರು, ಮೂರನೆಯ ಸಲ ಇಲ್ಲ. ಉಳಿದಿದ್ದು ಆ ಒಂದು ಭಾನುವಾರ.

ಗೌಹರಬೇಗಂ ಮನೆಯಲ್ಲೇ ಜಂಪರ್ ಹೊಲಿಯುವವಳು. ಮಾತು ಜಾಸ್ತಿ, ಮನಸ್ಸು ದೊಡ್ಡದು. ರಾತ್ರಿಯಿಂದ ಏನೂ ತಿನ್ನಬಾರದು ಎಂದು ಮೊದಲ ಸಲ ಹೇಳಿದಾಗ ನಕ್ಕುಬಿಟ್ಟಿದ್ದಳು.

"ರೋಜಾ ಹಿಡ್ಯಾಕಿಗೆ ಉಪಾಸ ಹೇಳಿಕೊಡ್ತೀ ಏನಕ್ಕಾ? ನಾ ಇಡೀ ದಿನಾ ಉಗುಳ ಸೈತ ನುಂಗಲ್ಲ."

ಹನ್ನೆರಡು ಮಂದಿಯಲ್ಲಿ ರೇಣಮ್ಮ ಕಣ್ಣುಮುಚ್ಚಿ ನಂಬಿದ್ದು ಅವಳೊಬ್ಬಳನ್ನೇ.

ಆ ಭಾನುವಾರ ನಸುಕಿನಲ್ಲಿ ಗೌಹರಬೇಗಂ ಹೇಳಿದ್ದಕ್ಕಿಂತ ಬೇಗನೆ ಬಂದು ಅಂಗಳದಲ್ಲಿ ಕೂತಿದ್ದಳು. ರೇಣಮ್ಮ ಸ್ನಾನಕ್ಕೆ ಹೋಗಿದ್ದಳು. ಬಂದು ಜೆಲ್ ಡಬ್ಬಿಯನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಹೊರಟಳು. ಹಿಂದಿನ ದಿನ ಎಮ್ಮೆ ಈದಿತ್ತು. ಕರು ಗೋಣಿತಟ್ಟಿನ ಮೇಲೆ ಮಲಗಿತ್ತು. ಬಾಲಮ್ಮ ಒಲೆಯ ಮುಂದೆ ಯಾವುದೋ ಪಾತ್ರೆ ಇಳಿಸುತ್ತಿದ್ದಳು. ರೇಣಮ್ಮ ಏನನ್ನೂ ನೋಡಲಿಲ್ಲ. ಒಂದು ವಾರದಿಂದ ಕಾಲೇಜಿನ ಪರೀಕ್ಷೆಯ ಕಾವಲು, ಎಮ್ಮೆಯ ಹೆರಿಗೆ, ಜೆಲ್ ಹದ ತಪ್ಪಿ ಮತ್ತೆ ಮಾಡಿದ್ದು, ಎಲ್ಲ ಸೇರಿ ಅವಳ ಕಣ್ಣು ಎದುರಿಗಿದ್ದುದನ್ನೂ ತಡವಾಗಿ ಕಾಣುತ್ತಿತ್ತು.

ಶಹಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಯಾದಗಿರಿಗೆ ಇನ್ನೊಂದು. ಬೆಳಕು ಹರಿಯುವಾಗ ಬಸ್ಸು ಶಹಾಪುರದ ಬೆಟ್ಟ ದಾಟಿತು. ಭೀಮೆಯ ಸೇತುವೆಯ ಮೇಲೆ ತಣ್ಣನೆಯ ಗಾಳಿ ಬಂತು. ಗೌಹರಬೇಗಂ ಕಿಟಕಿಗೆ ತಲೆಯಿಟ್ಟು ನಿದ್ದೆ ಮಾಡಿದಳು. ರೇಣಮ್ಮನಿಗೆ ನಿದ್ದೆ ಬರಲಿಲ್ಲ. ಐಸ್ ಪೆಟ್ಟಿಗೆ ತೊಡೆಯ ಮೇಲಿತ್ತು. ಅದರ ತಂಪು ಸೀರೆಯೊಳಗೆ ಇಳಿದು ಮೊಣಕಾಲು ಮರಗಟ್ಟಿತ್ತು.

ಸೆಂಟರಿನಲ್ಲಿ ಯಂತ್ರ ನಡೆಸುವವನು ದೇವಿಂದ್ರ. ಭಾನುವಾರಗಳನ್ನು ರೇಣಮ್ಮನಿಗಾಗಿ ಸುಮ್ಮನೆ ಕೊಟ್ಟವನು. ನಾಳೆ ಯಂತ್ರ ಹೋದ ಮೇಲೆ, ಹೊಸದು ಬರುವ ತನಕ ತಾನೆಲ್ಲಿ ಕೆಲಸ ಮಾಡುವುದು ಎಂಬುದು ಅವನಿಗೂ ತಿಳಿದಿರಲಿಲ್ಲ.

"ಬರ್ರಿ ಮೇಡಂ. ಇವತ್ತು ಮುಗಿಸಿ ಇಬ್ಬರೂ ನಿದ್ದಿ ಮಾಡೋಣ್ರಿ" ಎಂದ.

ಗೌಹರಬೇಗಂ ಬಳೆ, ಕಿವಿಯೋಲೆ ಬಿಚ್ಚಿಟ್ಟು, ಅವರು ಕೊಟ್ಟ ಸಡಿಲ ಅಂಗಿ ತೊಟ್ಟು ಒಳಗೆ ಮಲಗಿದಳು. ಜೆಲ್ ತಿನ್ನಿಸುವ ಮುನ್ನ ಖಾಲಿ ಹೊಟ್ಟೆಯದೊಂದು ಚಿತ್ರ ತೆಗೆಯುವುದು ಕ್ರಮ. ಯಂತ್ರ ತಗಡು ಬಡಿದಂತೆ ಸದ್ದು ಮಾಡಿ ನಿಂತಿತು. ಗಾಜಿನ ಈಚೆ ಪರದೆಯ ಮೇಲೆ ಚಿತ್ರ ಮೂಡಿತು.

ದೇವಿಂದ್ರ ಮುಂದೆ ಬಾಗಿದ. "ಮೇಡಂ, ಇದೇನ್ರಿ?"

ಖಾಲಿ ಹೊಟ್ಟೆ ಬತ್ತಿದ ಚೀಲದಂತೆ ಮಡಿಚಿಕೊಂಡಿರುತ್ತದೆ. ಇದು ಮಡಿಚಿಕೊಂಡಿರಲಿಲ್ಲ. ಒಳಗೆ ಬೂದುಬಣ್ಣದ ಗಡ್ಡೆಗಳಿದ್ದವು. ಅಂಚು ಸವೆದ, ಸುತ್ತ ಬೆಳ್ಳಗೆ ರಸ ತುಂಬಿದ ಗಡ್ಡೆಗಳು. ಇಂಥ ಗಡ್ಡೆಗಳನ್ನು ರೇಣಮ್ಮ ಹನ್ನೊಂದು ಹೊಟ್ಟೆಗಳಲ್ಲಿ ನೋಡಿದ್ದಳು. ಆದರೆ ಅವು ಜೆಲ್ ತಿನ್ನಿಸಿದ ಮೇಲೆ ಕಂಡವು. ಇಲ್ಲಿ ಡಬ್ಬಿಯ ಮುಚ್ಚಳ ಇನ್ನೂ ತೆಗೆದೇ ಇರಲಿಲ್ಲ.

ಗೌಹರಬೇಗಂಳನ್ನು ಹೊರಗೆ ಕರೆತಂದು ಕೂರಿಸಿದರು.

"ಗೌಹರಾ, ಏನಾರ ತಿಂದೀಯೇನು?"

"ಇಲ್ಲಕ್ಕಾ. ಅಲ್ಲಾ ಕಸಮ್. ಬರೋಬರಿ ರೋಜಾ ಹಾಂಗ ಇದ್ದೀನಿ."

"ನಿನ್ನೆ ರಾತ್ರಿಯಿಂದ ಏನೂ ಇಲ್ಲ?"

"ರಾತ್ರಿಯಿಂದ ಅಂದ್ರ..." ಅವಳು ದೇವಿಂದ್ರನ ಕಡೆ ನೋಡಿ, ಮತ್ತೆ ರೇಣಮ್ಮನ ಕಡೆ ನೋಡಿದಳು. "ಅಜಾನ್ ಆದಮ್ಯಾಲ ಒಂದು ಹನಿ ನೀರು ಸೈತ ಕುಡದಿಲ್ಲ."

"ಅಜಾನ್ ಆಗೋಕಿಂತ ಮೊದಲ?"

"ಮೊದಲಂದ್ರ ಸೆಹ್ರಿ, ರೋಜಾ ಹಿಡಿಯೋ ಮುಂಚಿನ ಊಟ ಅಲ್ಲೇನಕ್ಕಾ. ಅದು ನಡೀತದ."

ದೇವಿಂದ್ರ ತಲೆ ಮೇಲೆ ಕೈ ಇಟ್ಟುಕೊಂಡ. "ಇದು ರಂಜಾನ್ ಅಲ್ಲ ತಾಯಿ!"

"ನಂಗೇನ್ ಗೊತ್ತಣ್ಣಾ. ಉಪಾಸ ಅಂದ್ರ ಉಪಾಸ. ನಮ್ಮದ್ಯಾಂಗ ಹಿಡೀತಾರೋ ಹಾಂಗ ಹಿಡದೀನಿ."

"ಹೋದ ಸಲ ಹಿಂಗ ಮಾಡಿರಲಿಲ್ಲಲ್ಲ" ಎಂದಳು ರೇಣಮ್ಮ.

"ಹೋದ ಸಲ ಯಾರೂ ಕೊಟ್ಟಿರಲಿಲ್ಲ."

"ಈ ಸಲ ಯಾರ್ ಕೊಟ್ರು?"

ಗೌಹರಬೇಗಂ ಅಂಗಿಯ ದಾರ ಎಳೆಯುತ್ತ ಕೂತಳು. ಹೇಳುವುದಿಲ್ಲ ಎಂದು ಯಾರಿಗೋ ಮಾತು ಕೊಟ್ಟಂತಿತ್ತು. ಆಮೇಲೆ ಮೆಲ್ಲಗೆ, "ಆಯಿ ಕೊಟ್ಲು, ನಿನ್ನ ಅತ್ತಿ. ಗಿಣ್ಣ. ಇಷ್ಟು ದೊಡ್ಡ ಬಟ್ಟಲ. ನಾ ಬ್ಯಾಡಂದೆ, ಅಕ್ಕ ಬೈತಾಳ ಅಂದೆ. 'ಚೊಚ್ಚಲ ಗಿಣ್ಣ ಬ್ಯಾಡನಬಾರದು, ಎಮ್ಮಿ ಕೆಚ್ಚಲ ಬತ್ತದ' ಅಂದ್ಲು. ಒಬ್ಬರ ಮನಿ ಎಮ್ಮಿ ಕೆಚ್ಚಲ ನನ್ನಿಂದ ಬತ್ತೋದು ಬ್ಯಾಡ ಅಂತ ತಿಂದೆ. ಜಲ್ದಿ ಜಲ್ದಿ ತಿಂದೆ, ಅಜಾನ್ ಆಗಿಬಿಡ್ತದಂತ."

ರೇಣಮ್ಮ ಗೋಡೆಗೆ ಒರಗಿದಳು. ಗಿಣ್ಣ ಎಂದರೆ ಈದ ಎಮ್ಮೆಯ ಮೊದಲ ಹಾಲು ಹಬೆಯಲ್ಲಿ ಹೆಪ್ಪುಗಟ್ಟಿದ್ದು. ಅವಳು ಡಬ್ಬಿಯಲ್ಲಿ ತಂದದ್ದೂ ಅದೇ ಜಾತಿಯದು. ಚಿತ್ರದಲ್ಲಿ ಎರಡರ ಬಣ್ಣವೂ ಒಂದೇ.

"ಎಷ್ಟೊತ್ತಿಗಿ ಖಾಲಿ ಆಗ್ತದ್ರಿ ಅದು?" ದೇವಿಂದ್ರ ಕೇಳಿದ.

"ಖಾಲಿ ಆಗಿ, ಆಮ್ಯಾಲ ನಮ್ಮದು ಶುರು ಮಾಡಬೇಕಂದ್ರ ಮಧ್ಯಾಹ್ನ ದಾಟ್ತದ."

"ಇನ್ನೊಂದು ತಾಸಿಗಿ ಪೇಷಂಟ್ ಬರ್ತಾರ್ರಿ. ನಡುನಡುವೆ ನಿಮ್ಮದು ತೂರಿಸಬಹುದು. ಮಧ್ಯಾಹ್ನಕ್ಕ ಯಂತ್ರ ಬಂದ್ ಮಾಡಂತ ಹೇಳ್ಯಾರ." ಅವನು ದನಿ ತಗ್ಗಿಸಿದ. "ಒಂದು ಮಾತು ಹೇಳ್ಲೇನ್ರಿ? ಹೋದ ಸಲದ ಖಾಲಿ ಹೊಟ್ಟಿ ಚಿತ್ರ ಅದ ಅಲ್ರಿ. ಅದನ್ನೇ ಇವತ್ತಿಂದು ಅಂತ ಇಡ್ರಿ. ಅದೇ ಹೆಣ್ಮಗಳು, ಅದೇ ಹೊಟ್ಟಿ. ಈಗ ಜೆಲ್ ತಿನ್ನಿಸ್ರಿ, ಮುಂದಿಂದು ನಾ ತಗೀತೀನಿ. ಯಾರ್ ಬಂದು ಕೇಳ್ತಾರ್ರಿ?"

ರೇಣಮ್ಮ ಐಸ್ ಪೆಟ್ಟಿಗೆ ತೆರೆದಳು. ಡಬ್ಬಿ ತೆಗೆದು ಚಮಚ ಕೊಟ್ಟಳು. ಗೌಹರಬೇಗಂ ತುಂಡುಗಳನ್ನು ಅಗಿದು ನುಂಗಿದಳು. "ಆಯಿ ಮಾಡಿದ್ದರ ರುಚಿ ಇಲ್ಲಕ್ಕಾ ಇದಕ್ಕ" ಎಂದಳು.

ಆ ಮುಂಜಾನೆಯೆಲ್ಲ ಹಾಗೇ ಹೋಯಿತು. ಗೌಹರಬೇಗಂ ಒಳಗೆ ಹೋಗುವಳು, ಉಸಿರು ಹಿಡಿಯುವಳು, ಹೊರಗೆ ಬಂದು ಕುರ್ಚಿಯಲ್ಲಿ ಕೂರುವಳು. ನಡುವೆ ಸೊಂಟ ಹಿಡಿದ ರೈತರು, ತಲೆಗೆ ಪಟ್ಟಿ ಕಟ್ಟಿದ ಹುಡುಗಿಯೊಬ್ಬಳು ಬಂದು ಹೋದರು. ಮತ್ತೆ ಗೌಹರಬೇಗಂ. ಪರದೆಯ ಮೇಲೆ ಗಿಣ್ಣದ ತುಂಡೂ ಜೆಲ್ಲಿನ ತುಂಡೂ ಒಂದರೊಳಗೊಂದು ಸೇರಿ ಹೊಟ್ಟೆಯ ಕೆಳಗಿನ ಬಾಯಿಯತ್ತ ಸರಿಯುತ್ತಿದ್ದವು. ಹೊಟ್ಟೆ ಅವುಗಳನ್ನು ಹಿಂಡುತ್ತಿತ್ತು, ಬಿಡುತ್ತಿತ್ತು, ಮತ್ತೆ ಹಿಂಡುತ್ತಿತ್ತು. ಯಾವುದು ಅತ್ತೆ ಮಾಡಿದ್ದು, ಯಾವುದು ತಾನು ಮಾಡಿದ್ದು ಎಂದು ಅದಕ್ಕೆ ಭೇದವಿರಲಿಲ್ಲ. ನೋಡುತ್ತ ನೋಡುತ್ತ ರೇಣಮ್ಮನಿಗೂ ಉಳಿಯಲಿಲ್ಲ.

ಕೊನೆಯ ಚಿತ್ರವಾದ ಮೇಲೆ ದೇವಿಂದ್ರ ಚಹಾ ತರಲು ಹೋದ. ರೇಣಮ್ಮ ಕಂಪ್ಯೂಟರಿನ ಮುಂದೆ ಕೂತು ಒಂದೊಂದು ಚಿತ್ರದಲ್ಲೂ ಗಡ್ಡೆಗಳ ಸುತ್ತ ಗೆರೆ ಎಳೆದಳು. ಗೆರೆಯೊಳಗೆ ಎಷ್ಟು ತುಂಬಿದೆ ಎಂದು ಯಂತ್ರವೇ ಲೆಕ್ಕ ಹೇಳುತ್ತದೆ. ಮೊದಲನೆಯ ಜಾಗದಲ್ಲಿ ಹೋದ ಸಲದ ಖಾಲಿ ಹೊಟ್ಟೆಯ ಚಿತ್ರವನ್ನು ಇಟ್ಟಳು. ಅದು ಎಷ್ಟು ಸರಿಯಾಗಿ ಕೂತಿತೆಂದರೆ ಅಲ್ಲಿಯದೇ ಎನ್ನಬೇಕು.

ಲೆಕ್ಕ ಬಂತು. ಗಟ್ಟಿ ಜೆಲ್ ನಿಧಾನವಾಗಿ ಕರಗುತ್ತದೆ ಎಂಬುದು ಅವಳ ಇಷ್ಟು ದಿನದ ಊಹೆ. ಹನ್ನೊಂದು ಮಂದಿಯಲ್ಲಿ ಅದು ಹೌದೆಂದೂ ಅಲ್ಲವೆಂದೂ ಹೊಯ್ದಾಡುತ್ತಿತ್ತು. ಹನ್ನೆರಡನೆಯದು ಸೇರಿದ ಕೂಡಲೇ ಹೌದು ಎಂದಿತು. ಅನ್ನದೆ ಏನು ಮಾಡೀತು? ಒಂದು ಬಟ್ಟಲು ಗಿಣ್ಣದ ಭಾರ ಅದರ ಬೆನ್ನಿಗಿತ್ತು. ಎಲ್ಲಕ್ಕಿಂತ ಚೆಂದದ ಫಲಿತಾಂಶ ಎಲ್ಲಕ್ಕಿಂತ ಸುಳ್ಳಾದ ಹೊಟ್ಟೆಯಿಂದ ಬಂದಿತ್ತು.

ಅವಳು ಆ ಅಂಕಿಯನ್ನು ಬಹಳ ಹೊತ್ತು ನೋಡಿದಳು. ಇದನ್ನು ಹೀಗೇ ಬಿಟ್ಟರೆ ಪದವಿ ಬರುತ್ತದೆ. ಕಾಯಂ ನೌಕರಿಗೆ ಅರ್ಜಿ ಹಾಕಬಹುದು. ಪ್ರತಿ ವರ್ಷ ಪ್ರಿನ್ಸಿಪಾಲರ ಕೋಣೆಯ ಹೊರಗೆ ನಿಲ್ಲುವುದು ತಪ್ಪುತ್ತದೆ. ಯಾರೂ ಕೇಳುವುದಿಲ್ಲ ಎಂಬುದೂ ನಿಜ. ಆದರೆ ಕೇಳಿದರೆ? ಮುಂದೆ ಯಾವಾಗಲೋ, ಯಾರೋ, ಆ ಒಂದು ಹೊಟ್ಟೆ ಮಾತ್ರ ಹೀಗೇಕೆ ಎಂದರೆ? ಆಗ ಇನ್ನೊಂದು ಮಾತು ಕಟ್ಟಬೇಕು, ಅದನ್ನು ನೆನಪಿಟ್ಟುಕೊಳ್ಳಬೇಕು. ದೇವಿಂದ್ರನಿಗೂ ಗೌಹರಳಿಗೂ ನೆನಪಿಟ್ಟುಕೊಳ್ಳಿ ಎನ್ನಬೇಕು. ಸುಳ್ಳು ಒಮ್ಮೆ ಹೇಳಿ ಮುಗಿಯುವಂಥದಲ್ಲ. ದಿನಾ ಹುಲ್ಲು ನೀರು ಹಾಕಿ ಸಾಕಬೇಕು. ಅವಳ ಮೈಯಲ್ಲಿ ಅಷ್ಟು ಕಸುವು ಉಳಿದಿರಲಿಲ್ಲ. ಹಸಿವೆಂದು ಅಪ್ಪ ಗೋಡೆ ಬಡಿದದ್ದು ಆಗ ನೆನಪಾಯಿತೆಂದು ಹೇಳಿದರೆ ಕಥೆಗೆ ಚೆಂದ. ಆದರೆ ನೆನಪಾಗಲಿಲ್ಲ. ದಣಿದಿದ್ದಳು ಅಷ್ಟೆ.

ಹಳೆಯ ಚಿತ್ರವನ್ನು ಅದರ ಜಾಗಕ್ಕೆ ವಾಪಸು ಹಾಕಿದಳು. ಎಳೆದ ಗೆರೆಗಳನ್ನು ಒಂದೊಂದಾಗಿ ಅಳಿಸಿದಳು.

ಚಹಾ ಹಿಡಿದು ಬಂದ ದೇವಿಂದ್ರ ಪರದೆ ನೋಡಿ, "ತೆಗದ್ರೇನ್ರಿ?" ಎಂದ.

"ತೆಗದೆ."

"ಇಷ್ಟು ವರ್ಷದ್ದು, ಮೇಡಂ."

"ಹೌದ್ರಿ."

ಅವನು ಚಹಾ ಕೊಟ್ಟ.

ಸೆಂಟರಿನ ಮೆಟ್ಟಿಲ ಮೇಲೆ ನಿಂತು ರೇಣಮ್ಮ ಕಲಬುರಗಿಗೆ ಫೋನ್ ಹಚ್ಚಿದಳು. ಅವಳ ಗೈಡು ಬಸವಂತ್ರಾಯರು ಎಲ್ಲ ಕೇಳಿಸಿಕೊಂಡರು. ಗಿಣ್ಣದ ಮಾತು ಬಂದಾಗ ಅತ್ತ ಕಡೆಯಿಂದ ಕೆಮ್ಮು ಕೇಳಿತು, ನಗೆಯೂ ಇದ್ದೀತು.

"ಹನ್ನೊಂದಕ್ಕ ಬರೀರಿ. ಹನ್ನೆರಡು ಅಂದು ಹನ್ನೊಂದು ಯಾಕಾತು ಅಂತ ಕಮಿಟಿಗಿ ಒಂದು ಪತ್ರ ಕೊಡಬೇಕಾಗ್ತದ. ಅವರು ಒಪ್ಪಿದ್ರ ಆತು."

"ಒಪ್ಪಲಿಲ್ಲಂದ್ರ ಸರ್?"

"ಒಪ್ಪಬಹುದ್ರಿ. ಆದ್ರ ರೇಣಮ್ಮ, ಹನ್ನೊಂದಕ್ಕ ನಿಮ್ಮ ಮಾತು ನಿಲ್ಲಂಗಿಲ್ಲ. ಗಟ್ಟಿಂದು ನಿಧಾನ ಕರಗ್ತದ ಅಂತ ಹೇಳಾಕ ಬರಂಗಿಲ್ಲ. ಹಾಂಗ ಕಾಣ್ತದ, ಇನ್ನೂ ನೋಡಬೇಕು ಅಂತ ಬರೀಬೇಕು. ಇಡೀ ಕೊನೀ ಅಧ್ಯಾಯ ತಿರುಗಿ ಬರೀಬೇಕು."

"ಗೊತ್ತದ ಸರ್."

"ಗೊತ್ತಿದ್ರ ಮುಗೀತು. ಇವತ್ತೇ ಬರದು ಕಳಸ್ರಿ. ಕೂತ್ರ ಏಳಂಗಿಲ್ಲ ನೀವು."

ಬಸ್ಸಿನಲ್ಲಿ ಗೌಹರಬೇಗಂ ಶಹಾಪುರದವರೆಗೂ ಮಾತಾಡಲಿಲ್ಲ. ಅದು ಅವಳ ಜೀವಮಾನದಲ್ಲೇ ಮೊದಲಿರಬೇಕು. ಬಸ್ಸು ಬದಲಿಸಿ ಕೂತಮೇಲೆ, "ನಂದ್ ಕೆಟ್ಟೋತೇನಕ್ಕಾ?" ಎಂದಳು.

"ಕೆಟ್ಟಿತು."

"ನಾ ಸುಮ್ನಿದ್ದಿದ್ರ ನಿನಗ ಗೊತ್ತಾಗ್ತಿತ್ತೇನು?"

"ತಿಂದೀ ಅಂತ ಗೊತ್ತಾಗ್ತಿತ್ತು. ಏನ್ ತಿಂದೀ ಅಂತ ಗೊತ್ತಾಗ್ತಿರಲಿಲ್ಲ."

ಗೌಹರಬೇಗಂ ಅದನ್ನು ತೂಗಿ ನೋಡಿದಳು. "ಹಂಗಾರ ಆಯಿ ಹೆಸರು ಸುಮ್ನ ಹೇಳಿದೆ ನೋಡಕ್ಕಾ" ಎಂದು ನೊಂದುಕೊಂಡಳು.

ಮನೆ ಮುಟ್ಟುವಾಗ ಬಿಸಿಲು ಅಂಗಳದ ನಡುವಿಗೆ ಬಂದಿತ್ತು. ಬಾಲಮ್ಮ ಕರುವಿನ ಮೈ ಒರೆಸುತ್ತಿದ್ದವಳು ಸೊಸೆಯ ಮುಖ ನೋಡಿ ಕೈ ನಿಲ್ಲಿಸಿದಳು.

"ಏನಾತವ್ವಾ?"

"ಆಗಲಿಲ್ರಿ ಅತ್ತಿ. ಗೌಹರಾನ ಹೊಟ್ಟಿ ಖಾಲಿ ಇರಲಿಲ್ಲ."

"ಗಿಣ್ಣಕ್ಕೇನು?" ಬಾಲಮ್ಮ ಎದ್ದು ನಿಂತಳು. "ನೀ ರೊಟ್ಟಿ ಬ್ಯಾಡಂದಿದ್ದಿ, ಕೊಡಲಿಲ್ಲ. ಅನ್ನ ಬ್ಯಾಡಂದಿದ್ದಿ, ಕೊಡಲಿಲ್ಲ. ಚಾ ಸೈತ ಕೊಡಲಿಲ್ಲ. ಗಿಣ್ಣ ಅಂದ್ರ ಊಟ ಏನು? ಹಾಲದು. ನಿನ್ನ ಕೆಲಸಕ್ಕಂತ ಅಷ್ಟು ದೂರ ಹೊಂಟಾಳ, ಈದ ಮನಿಯಿಂದ ಬಾಯಿ ಒಣಗಿಸಿ ಹ್ಯಾಂಗ ಕಳಸ್ಲಿ?"

ರೇಣಮ್ಮ ಐಸ್ ಪೆಟ್ಟಿಗೆ ಕೆಳಗಿಟ್ಟಳು. ಬಾಲಮ್ಮನ ದನಿ ಸಣ್ಣದಾಯಿತು.

"ಹಂಗಾರ ನಾನೇ ಕೆಡಿಸಿದ್ನೇನು?"

ಇಲ್ಲ ಎಂದುಬಿಡುವುದು ಸುಲಭವಿತ್ತು. ಯಂತ್ರ ಕೆಟ್ಟಿತ್ತು ಎನ್ನಬಹುದಿತ್ತು. ಆದರೆ ಆ ದಿನದ ಮಟ್ಟಿಗೆ ರೇಣಮ್ಮನಲ್ಲಿ ಅದಕ್ಕೂ ಕಸುವು ಉಳಿದಿರಲಿಲ್ಲ.

"ಹೌದ್ರಿ ಅತ್ತಿ."

ಬಾಲಮ್ಮ ಕೂತಳು. ಎಮ್ಮೆ ಬಾಲ ಬೀಸಿತು. "ನಿನ್ನ ನೌಕರಿ?" ಎಂದು ಕೇಳಿದಳು.

"ಹನ್ನೊಂದಕ್ಕ ಬರದು ಕಳಸ್ತೀನ್ರಿ. ಅವರು ತಗೊಂಡ್ರ ಆಗ್ತದ. ಇಲ್ಲಂದ್ರ ಇಲ್ಲ."

"ಹನ್ನೊಂದು ಮಂದಿ ಹೊಟ್ಟಿ ಸುಳ್ಳೇನು?"

"ಸುಳ್ಳಲ್ರಿ. ಸಾಲಂಗಿಲ್ಲ."

ರೇಣಮ್ಮ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೊನೆಯ ಅಧ್ಯಾಯಕ್ಕೆ ಬಂದಳು. ಮುಂಚಿತವಾಗಿಯೇ ಬರೆದಿಟ್ಟಿದ್ದ ಅಧ್ಯಾಯ ಅದು. ಒಂದೇ ಅಂಕಿಗಾಗಿ ಕಾಯುತ್ತಿತ್ತು. ಸಾಬೀತಾಗಿದೆ ಎಂದಿದ್ದಲ್ಲೆಲ್ಲ ಅಳಿಸಿ, ಹಾಗೆ ಕಾಣುತ್ತದೆ ಎಂದು ಬರೆದಳು. ಮುಪ್ಪಿನವರಿಗೆ ಯಾವ ಹದ ಒಳ್ಳೆಯದು ಎಂದು ಹೇಳುವ ಒಂದು ಪುಟವಿತ್ತು. ಅದನ್ನು ಎರಡು ಸಲ ಓದಿದಳು. ಆಮೇಲೆ ಪೂರ್ತಿ ತೆಗೆದು, ಇದನ್ನು ಮುಂದೆ ಯಾರಾದರೂ ನೋಡಬೇಕು ಎಂದು ಒಂದೇ ಸಾಲು ಇಟ್ಟಳು. ಕಮಿಟಿಗೆ ಪತ್ರ ಬರೆಯುವಾಗ ಬಾಲಮ್ಮ ಬಂದು ಹಿಂದೆ ನಿಂತಳು. ಓದಲು ಬಾರದಿದ್ದರೂ ಪರದೆಯನ್ನೇ ನೋಡುತ್ತಿದ್ದಳು.

"ಏನಂತ ಬರದಿ?"

"ಒಬ್ಬಾಕಿ ಮೊದಲೇ ತಿಂದಿದ್ಲು, ಅದಕ್ಕ ಬಿಟ್ಟೀವಿ ಅಂತ."

"ನನ್ನ ಹೆಸರು?"

"ಬರದಿಲ್ರಿ."

"ಗೌಹರಾಂದು?"

"ಅದೂ ಇಲ್ಲ."

"ಎಮ್ಮಿದು?"

ರೇಣಮ್ಮನಿಗೆ ಬಂದ ನಗು ತುಟಿಯವರೆಗೆ ಬಂದು ಅಲ್ಲೇ ಸುಸ್ತಾಯಿತು. "ಎಮ್ಮಿ ಏನ್ ಮಾಡ್ತ್ರಿ ಪಾಪ."

"ಅದ ಮತ್ತ. ಅದರದೇನು ತಪ್ಪು" ಎಂದು ಬಾಲಮ್ಮ ಒಳಗೆ ಹೋದಳು.

ಪತ್ರವನ್ನೂ ಅಧ್ಯಾಯವನ್ನೂ ಬಸವಂತ್ರಾಯರಿಗೆ ಕಳಿಸಿದ್ದಾಯಿತು. ರೇಣಮ್ಮ ಚಾಪೆ ಹಾಸಲೂ ಹೋಗದೆ ಗೋಡೆಯ ಬದಿಗೆ ಸೆರಗು ಹೊದ್ದು ಮಲಗಿದಳು. ಸಂಜೆಗೆ ಹಿಂಡುವ ಸರದಿ ಅವಳದಾಗಿತ್ತು. ಹೊತ್ತು ಮುಳುಗಿತು, ಕರು ಕೂಗಿತು, ತಂಬಿಗೆಯ ಸದ್ದಾಯಿತು. ಯಾರೂ ಅವಳನ್ನು ಎಬ್ಬಿಸಲಿಲ್ಲ.